ನಾಲ್ಕು ತಿರುವು

ಹಡಗಲಿಯ ಡ್ರೈವರ್ ಮೈಲಾರಪ್ಪ ಸಮುದ್ರದ ದಂಡೆಗೆ ನಲವತ್ತು ಸಲವಾದರೂ ಹೋಗಿದ್ದ. ಸಮುದ್ರವನ್ನು ಮಾತ್ರ ನೋಡಿರಲಿಲ್ಲ. ಪ್ರವಾಸದ ಮಂದಿಯನ್ನು ಇಳಿಸಿದೊಡನೆ ಟೆಂಪೊದ ಹಿಂದಿನ ಸೀಟಿನಲ್ಲಿ ಮುಖದ ಮೇಲೆ ಟವೆಲ್ ಎಳೆದುಕೊಂಡು ಮಲಗುವುದು ಅವನ ವ್ರತ. "ಡ್ರೈವರ್ ನಿದ್ದಿಗೆಟ್ಟು ನೀರು ನೋಡಿದ್ರ, ತಿರುಗಿ ಹೋಗುವಾಗ ಹನ್ನೆರಡು ಮಂದಿ ದೇವರನ್ನ ನೋಡ್ತಾರ" ಎನ್ನುತ್ತಿದ್ದ. ಧರ್ಮಶಾಸ್ತ್ರಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ವಾಕ್ಯವನ್ನು ನಾನು ಓದಿಲ್ಲ.

ಶಾಲೆಯಿಂದ ನಿವೃತ್ತನಾದ ಮೇಲೆ ನಾನೊಂದು ಕಾರು ಕೊಂಡಾಗ ನನಗೆ ಗುರುವಾದವನು ಅವನೇ. ಮೂವತ್ತು ವರ್ಷ ಮಕ್ಕಳನ್ನು ಬೈದು ಪಳಗಿದ್ದ ನನ್ನನ್ನು, ಹರಪನಹಳ್ಳಿ ರಸ್ತೆಯ ಮೇಲೆ ಒಂದೇ ವಾರದಲ್ಲಿ ಬೈಸಿಕೊಳ್ಳಲು ಪಳಗಿಸಿದ. "ಮಾಸ್ತರ, ಗೇರು ಬೆತ್ತ ಅಲ್ರಿ. ಮೆತ್ತಗ ಹಿಡೀರಿ." ಅವನ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಪಾಠ ಮುಗಿದ ಮೇಲೂ ಇಳಿಯದೆ ಕೂತಿರುತ್ತಿದ್ದ. ಇಳಿದರೆ ಮನೆಗೆ ಹೋಗಬೇಕಾಗುತ್ತಿತ್ತು.

ಕಣ್ಣು ಮಸುಕಾಗುತ್ತ ಬಂದು, ಇನ್ನು ಸ್ಟೇರಿಂಗ್ ಮುಟ್ಟಕೂಡದೆಂದು ಡಾಕ್ಟರು ಹೇಳಿದ ಮೇಲೆ ಟೆಂಪೊ ಮಾರಿದ. "ಕಣ್ಣು ಪೂರ್ತಿ ಹೋಗೋದ್ರಾಗ ನಿನಗ ಸಮುದ್ರ ತೋರಸ್ತೀನಿ, ನಡಿಯಲೇ" ಎಂದೆ.

"ಘಟ್ಟದಾಗ ಯಾರು ಹೊಡಿಯೋರು, ನೀವಾ?" ಎಂದು ನನ್ನನ್ನು ಬಹಳ ಹೊತ್ತು ಅಳೆದ. ಆಮೇಲೆ, ಶಿಷ್ಯನ ಮೇಲಿನ ಭರವಸೆಯಿಂದಲೋ ಜೀವದ ಮೇಲಿನ ಬೇಸರದಿಂದಲೋ, ಒಪ್ಪಿದ.

ರಾತ್ರಿ ಸಾಗರ ಪೇಟೆಯಲ್ಲಿ ತಂಗಿದ್ದು ಬೆಳಿಗ್ಗೆ ಗೇರುಸೊಪ್ಪೆಯ ಘಟ್ಟ ಇಳಿದೆವು. ಅದು ಅಭಯಾರಣ್ಯದ ರಸ್ತೆ. ಬಯಲುಸೀಮೆಯವರಾದ ನಮಗೆ ತಲೆಯ ಮೇಲೆ ಆಕಾಶವಿಲ್ಲದಿರುವುದೇ ಒಂದು ಅಕ್ರಮವೆನಿಸಿತು. ಎಡೆ ಸಿಕ್ಕಲ್ಲೆಲ್ಲ ಕೆಳಗೆ ದೂರದಲ್ಲಿ ಶರಾವತಿ ಹೊಳೆಯುತ್ತಿತ್ತು. ತಡೆಗೋಡೆಯ ಮೇಲೆ ಸಿಂಗಳೀಕವೊಂದು ತಪಾಸಣೆಗೆ ಬಂದ ಸಾಹೇಬರ ಗತ್ತಿನಲ್ಲಿ ಕೂತಿತ್ತು.

"ನೋಡಲ್ಲಿ, ಸಿಂಗಳೀಕ."

"ನೀವು ನೋಡಬ್ಯಾಡ್ರಿ. ಎರಡನೇ ಗೇರು."

ನಾನು ಕಾಡು ತೋರಿಸುತ್ತಿದ್ದರೂ ಅವನು ರಸ್ತೆಯಿಂದ ಕಣ್ಣೆತ್ತಲಿಲ್ಲ. ಇಲ್ಲದ ಬ್ರೇಕನ್ನು ಅವನ ಬಲಗಾಲು ತುಳಿಯುತ್ತಲೇ ಇತ್ತು.

ಹೊನ್ನಾವರ ದಾಟಿ ಕರಾವಳಿಯ ರಸ್ತೆ ಹಿಡಿದು, ತೆಂಗಿನ ಮರಗಳು ಮುಗಿದಲ್ಲಿ ಕಾರು ನಿಲ್ಲಿಸಿದೆ. ಮೈಲಾರಪ್ಪ ಇಳಿದು ಸಮುದ್ರದ ಮುಂದೆ ನಿಂತ.

"ಭಾಳ ಐತಿ" ಎಂದ. ಕಣ್ಣು ಕಿರಿದು ಮಾಡಿ, "ನನಗ ಬರೇ ಬೆಳ್ಳಗ ಕಾಣ್ತೈತ್ರಿ" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಮಾಸ್ತರ, ಏರುವಾಗ ನನಗ ಕೊಡ್ರಿ. ನಾಕ ತಿರುವು. ಆ ರಸ್ತಿ ನನ್ನ ಕೈಯಾಗ ಐತಿ, ಕಣ್ಣು ಬೇಕಾಗಿಲ್ಲ."

ಅವನು ಹೊರಟುಬಂದದ್ದು ಇದಕ್ಕೇ ಎಂದು ಆಗ ತಿಳಿಯಿತು. ನಾನು ಡಾಕ್ಟರನ್ನು, ಕಾನೂನನ್ನು, ಕಡೆಗೆ ಮನೆಯಲ್ಲಿ ಕಾಯುತ್ತಿದ್ದ ನನ್ನ ಹೆಂಡತಿಯನ್ನೂ ಸಾಕ್ಷಿಗೆ ಕರೆದು, ಆಗದು ಎಂದೆ.

"ಹೌದ್ರಿ. ಗಾಡಿಯಾಗ ಡ್ರೈವರ್ ಮಾತ ನಡೀಬೇಕು" ಎಂದು ಬಂದು ಪಕ್ಕದ ಸೀಟಿನಲ್ಲಿ ಕೂತ.

ಘಟ್ಟ ಏರುವಾಗ ಅವನು ಗೇರು ಹೇಳಲಿಲ್ಲ. ನಾನು ಎರಡು ಕಡೆ ತಪ್ಪಿದೆ, ಬೈಯಲಿಲ್ಲ. ಕಾಡಿನ ಕಡೆ ಮುಖ ಮಾಡಿಕೊಂಡಿದ್ದ. ನೋಡುತ್ತಿದ್ದನೋ ಇಲ್ಲವೋ ತಿಳಿಯದು. ಅಷ್ಟು ಒಂಟಿಯಾಗಿ ನಾನು ಕಾರು ಓಡಿಸಿದ್ದೇ ಇಲ್ಲ.

ಸಂಜೆ ಹರಪನಹಳ್ಳಿ ದಾಟಿದ ಮೇಲೆ, ಎರಡೂ ಕಡೆ ಮೆಕ್ಕೆಜೋಳದ ಹೊಲ, ಎದುರಿಗೆ ಒಂದು ಸೈಕಲ್ ಸಹ ಇಲ್ಲ. ಕಾರು ನಿಲ್ಲಿಸಿ ಕೀಲಿ ಅವನ ಮುಂದೆ ಹಿಡಿದೆ.

"ಈ ದಾರ್‍ಯಾಗ ಎತ್ತು ಸೈತ ತಾವ ಮನಿಗೆ ಹೋಗ್ತಾವ್ರಿ" ಎಂದ. ಕೀಲಿ ಮುಟ್ಟಲಿಲ್ಲ.

ಮನೆಯ ಮುಂದೆ ಇಳಿದಾಗ, "ಚಲೋ ಹೊಡದ್ರಿ, ಮಾಸ್ತರ" ಎಂದ. ಅವನ ಬಾಯಿಂದ ಅದು ಮೊದಲ ಹೊಗಳಿಕೆ. ಎರಡನೆಯದಕ್ಕೆ ಅವನು ಉಳಿಯಲಿಲ್ಲ. ದೀಪಾವಳಿಗೆ ಮುಂಚೆಯೇ ನಿದ್ದೆಯಲ್ಲಿ ಹೋದ.

ನಾನು ಸ್ಟೇರಿಂಗ್ ಕೊಡದಿದ್ದದ್ದೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಆದರೆ ಆ ಘಟ್ಟದ ಮೇಲ್ಭಾಗದಲ್ಲಿ, ಮರಗಳ ನಡುವೆ ರಸ್ತೆ ಸ್ವಲ್ಪ ನೆಟ್ಟಗಾಗುತ್ತದೆ. ಒಂದು ಫರ್ಲಾಂಗು ಇದ್ದೀತು. ಅಲ್ಲಿ ನಿಲ್ಲಿಸಬಹುದಿತ್ತು.