ಅಣವೀರ ದಾಟದ ಕಲ್ಲು

ಸೇಡಂ ಬಜಾರಿನಲ್ಲಿ ಸೂಗಪ್ಪನದು ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿ, ಅದರ ಎದುರಿಗೆ ನನ್ನ ಬಟ್ಟೆ ಅಂಗಡಿ. ಗಿರಾಕಿ ಇಲ್ಲದಾಗ ನನಗೆ ಸೂಗಪ್ಪನ ಅಂಗಡಿಯೇ ಸಿನಿಮಾ. ಅದರ ಹೀರೋ ಅಣವೀರ.

ಅಣವೀರ ಕಾಗಿಣಾ ಹೊಳೆ ದಂಡೆಯ ಮನೆತನದವನು. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕಡಿಮೆ. ಡಾಕ್ಟರರು ಅದಕ್ಕೆ ಡೌನ್ ಸಿಂಡ್ರೋಮ್ ಎನ್ನುತ್ತಾರೆ. ತೊಗರಿ ಚೀಲದ ಬಾಯಿ ಹೊಲಿದು, ಹಮಾಲರು ಹಿಡಿದೆತ್ತಲು ಎರಡು ಮೂಲೆಗೆ ಕಿವಿ ಕಟ್ಟುವುದು ಅವನ ಕೆಲಸ. ನಾನು ಅವನಿಗಿಂತ ಸಣ್ಣವನಾದರೂ ನನಗೆ 'ಕಾಕಾ' ಅನ್ನುತ್ತಿದ್ದ. ತಿದ್ದಲು ಹೋದರೆ ಚಹಾ ಕೇಳುತ್ತಿದ್ದ. ಹಾಗಾಗಿ ತಿದ್ದುವುದನ್ನು ಬಿಟ್ಟೆ.

ಐವತ್ತು ದಾಟಿದ ಮೇಲೆ ಅವನು ಕಿವಿ ಕಟ್ಟುವುದನ್ನು ಮರೆಯತೊಡಗಿದ. ಆಮೇಲೆ ಉಂಡದ್ದನ್ನೂ ಮರೆತ. ಮೊದಲೇ ಹಾಗಿದ್ದವನು, ಈಗ ಸೊಕ್ಕು ಬೇರೆ ಬಂದಿದೆ ಎಂದು ಹಮಾಲರು ತೀರ್ಪು ಕೊಟ್ಟರು. ಅಕ್ಕ ಭೀಮಮ್ಮ ಮಾತ್ರ ಅವನನ್ನು ಕಲಬುರಗಿಯ ದವಾಖಾನೆಗೆ ಕರೆದೊಯ್ದಳು.

ಅಷ್ಟರಲ್ಲಿ ದೀಪಾವಳಿ ಬಂತು. ಸೂಗಪ್ಪ ಬಾಗಿಲ ಮುಂದಿನ ಬೂದು ಬಣ್ಣದ ಶಹಾಬಾದಿ ಫರಸಿ ಕಲ್ಲು ಕಿತ್ತು ಕರಿ ಗ್ರಾನೈಟ್ ಹಾಕಿಸಿದ, ಬಗ್ಗಿದರೆ ಮುಖ ಕಾಣುವಂಥದ್ದು. ಮರುದಿನದಿಂದ ಅಣವೀರ ಅಂಗಡಿಯ ಒಳಗೆ ಕಾಲಿಡಲಿಲ್ಲ. ಬಾಗಿಲತನಕ ಬರುವುದು, ಅಳುವುದು, ತಿರುಗಿ ಹೋಗುವುದು.

"ಹಬ್ಬಕ್ಕ ಹೊಸ ಅಂಗಿ ಕೊಡಿಸಿಲ್ಲ, ಅದಕ್ಕ ಮುನಿಸಿಕೊಂಡಾನ" ಎಂದ ಸೂಗಪ್ಪ. ನಾನೂ ಹೌದೆಂದೆ. ನನ್ನದು ಬಟ್ಟೆ ಅಂಗಡಿ, ಇಲ್ಲ ಅನ್ನುವುದು ಹೇಗೆ? ಹೊಸ ಅಂಗಿ ತೊಟ್ಟು ಬಂದ ಅಣವೀರ ಅದೇ ಬಾಗಿಲಲ್ಲಿ ನಿಂತು ಅತ್ತ.

ಭೀಮಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. "ಸಾವ್ಕಾರ್ರ, ಇವ ಅಂಗಡಿಗಿ ಬರ್ಲಿಲ್ಲಂದ್ರ ಮನ್ಯಾಗ ಕೀಲಿ ಹಾಕಿ ಹೋಗಬೇಕಾಗ್ತದ. ನನಗ ಅದು ಆಗಂಗಿಲ್ಲರಿ."

"ಹಟ ಮಾಡಾಕತ್ತಾನವ್ವ, ನಾ ಏನು ಮಾಡ್ಲಿ?"

"ಹಟ ಅಲ್ಲರಿ. ಮರೆವಿನ ಬ್ಯಾನಿ ಅಂತ ಡಾಕ್ಟರ್ ಅಂದಾರ. ಇಂಥವರಿಗಿ ಲಗೂನ ಬರ್ತದಂತ. ಬೈಬ್ಯಾಡ್ರಿ, ಯಾವುದಕ್ಕ ಅಂಜಾಕತ್ತಾನ ಅನ್ನೂದು ನೋಡ್ರಿ ಅಂದಾರ."

ಅಂಜಿಕೆಯೇ? ತೊಗರಿ ಚೀಲಕ್ಕೆ ಯಾರು ಅಂಜುತ್ತಾರೆ? ನನಗೆ ಕುತೂಹಲ ಹತ್ತಿತು. ಮರುದಿನ ಗಲ್ಲಾ ಬಿಟ್ಟು ಕಟ್ಟೆಗೆ ಬಂದು ಕುಳಿತೆ. ಅಕ್ಕನ ಜೊತೆ ಅಣವೀರ ಬಂದ. ಒಂದು ಕಾಲು ಮುಂದೆ ಚಾಚಿದ, ಹಿಂದಕ್ಕೆಳೆದುಕೊಂಡ. ಚೌಕಟ್ಟು ಹಿಡಿದು ಕೆಳಗೆ ಬಗ್ಗಿ ನೋಡಿದ. ಆಮೇಲೆ ಒಂದು ಹರಳುಗಲ್ಲು ಆರಿಸಿ ಆ ಕಲ್ಲಿನ ಮೇಲೆ ಎಸೆದು ಕಿವಿಗೊಟ್ಟು ನಿಂತ.

ಬಾವಿಯ ಆಳ ನೋಡುವವರು ಮಾಡುವುದು ಹಾಗೆಯೇ.

ಒಂದು ಕೋರಾ ಬಟ್ಟೆಯ ಥಾನು ಹೊತ್ತು ರಸ್ತೆ ದಾಟಿ, ಕರಿ ಕಲ್ಲಿನ ಮೇಲೆ ಉದ್ದಕ್ಕೂ ಹಾಸಿದೆ.

"ಏನು ನಡಸೀರಿ? ಮಂತ್ರಿ ಬರಾಕತ್ತಾರೇನು?" ಎಂದ ಸೂಗಪ್ಪ.

"ನಿಮ್ಮ ಬಾವಿ ಮುಚ್ಚಾಕತ್ತೀನಿ, ಸುಮ್ಕಿರ್ರಿ."

ಅಣವೀರ ಬಟ್ಟೆಯನ್ನು ಕಾಲಿನಿಂದ ಒತ್ತಿ ನೋಡಿದ. ಅಕ್ಕನ ಕೈ ಹಿಡಿದು ಇನ್ನೊಂದು ಕಾಲಿಟ್ಟ. ನಡೆದುಕೊಂಡು ಒಳಗೆ ಹೋಗಿ ತನ್ನ ಜಾಗದಲ್ಲಿ ಕುಳಿತ.

ಸೂಗಪ್ಪ ಕಲ್ಲನ್ನೊಮ್ಮೆ, ಅಣವೀರನನ್ನೊಮ್ಮೆ ನೋಡಿದ. "ನನಗ ಕಲ್ಲು ಕಾಣಸ್ತದ, ಅವನಿಗಿ ಬಾವಿ ಕಾಣಸ್ತದಂದ್ರ ಹ್ಯಾಂಗ?" ಎಂದು ತಲೆ ಕೆರೆದುಕೊಂಡ. ಎರಡು ದಿನಕ್ಕೆ ಗ್ರಾನೈಟ್ ಹೋಗಿ ಅಲ್ಲಿ ಮತ್ತೆ ಬೂದು ಫರಸಿ ಕುಳಿತಿತು. ಹೊಲಸಾದ ಥಾನನ್ನು ಸೂಗಪ್ಪನಿಗೇ ಮಾರಿದೆ.

ಅಣವೀರ ಒಳಗೇನೋ ಬಂದ, ದಬ್ಬಣ ಹಿಡಿದ. ಆದರೆ ಹೊಲಿಯುವುದು ಹೇಗೆಂದು ಅವನ ಕೈಗೆ ಹೊಳೆಯಲಿಲ್ಲ. ಭೀಮಮ್ಮನ ಮುಖ ಬಾಡಿತು. "ಕೆಲಸ ಬರಲಾರದವನಿಗಿ ಯಾಕ ಕುಂದ್ರಿಸ್ಕೋತೀರಿ, ಸಾವ್ಕಾರ್ರ?"

"ನಮ್ಮ ಅಳಿಯ ವರ್ಷಾತು ಕುಂತಾನ, ಅವನಿಗಿ ಯಾರರ ಕೇಳೀರೇನು?" ಎಂದ ಸೂಗಪ್ಪ. ದಬ್ಬಣ ತೆಗೆದಿಟ್ಟು ಅಣವೀರನ ಕೈಗೆ ಸುತಲಿ ದಾರದ ಉಂಡೆ ಕೊಟ್ಟ. ಅಣವೀರ ಅದನ್ನು ಬಿಚ್ಚತೊಡಗಿದ, ಬಿಚ್ಚಿದ್ದನ್ನು ಮತ್ತೆ ಸುತ್ತತೊಡಗಿದ.

ಭೀಮಮ್ಮ ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ಸೆರಗು ಬಿಗಿದುಕೊಂಡು ಶಾಲೆಗೆ ನಡೆದಳು. ಅವತ್ತು ಮಕ್ಕಳ ಊಟ ತಡವಾಯಿತಂತೆ.