ತೇಯುವ ಬೊಹುಶ್

ಲೀಪಿನಾ ಊರಿನಲ್ಲಿ ಬೊಹುಶ್‌ನ ಕೈಗೆ ಯಾರೂ ಒಂದು ಹಳೆಯ ಸೈಕಲ್ ಪಂಪನ್ನೂ ರಿಪೇರಿಗೆ ಕೊಡುತ್ತಿರಲಿಲ್ಲ. ಹೆಣ್ಣು ಕೊಡುವ ಮಾತಂತೂ ದೂರವೇ ಉಳಿಯಿತು.

ಒಂದು ಕಾಲಕ್ಕೆ ಹೀಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಚೆಕ್ ನಾಡಿನ ಮೊರಾವಿಯಾದ ಈ ಮೂಲೆಯ ಪಡ್ಡೆಗಳೆಲ್ಲ ತಮ್ಮ ಜಾವಾ ಬೈಕು ತಳ್ಳಿಕೊಂಡು ಅವನ ಗ್ಯಾರೇಜಿಗೇ ಬರುತ್ತಿದ್ದರು. ದಪ್ಪ ಗಾಜಿನ ಮೇಲೆ ಉಜ್ಜುಕಾಗದ ಹಾಸಿ, ಎಣ್ಣೆ ಬಿಟ್ಟು, ಸಿಲಿಂಡರ್ ಹೆಡ್ಡಿನ ಅಡಿಯನ್ನು ಅವನು ಗಂಧ ತೇಯುವ ಹಾಗೆ ತೇಯುತ್ತಿದ್ದ. ಹೆಡ್ ತೆಳುವಾದಷ್ಟೂ ಒಳಗಿನ ಜಾಗ ಕಿರಿದಾಗುತ್ತದೆ, ಕಂಪ್ರೆಷನ್ ಏರುತ್ತದೆ, ಗಾಡಿ ಹಾರುತ್ತದೆ. ಅತಿಯಾದರೆ ಪಿಸ್ಟನ್ನಿನ ನೆತ್ತಿಯೇ ಕರಗಿ ತೂತಾಗುತ್ತದೆ. ಆ ಅತಿ ಎಲ್ಲಿದೆ ಎಂದು ತಿಳಿಯಲು ಮೆತ್ತನೆಯ ಸೀಸದ ತಂತಿಯ ತುಂಡನ್ನು ಒಳಗಿಟ್ಟು, ಹೆಡ್ ಬಿಗಿದು, ಕಿಕ್ಕರನ್ನು ಕೈಯಿಂದಲೇ ಮೆಲ್ಲಗೆ ಒತ್ತುತ್ತಿದ್ದ. ಚಪ್ಪಟೆಯಾಗಿ ಹೊರಬಂದ ಸೀಸವನ್ನು ಬೆರಳಲ್ಲಿ ಹಿಡಿದು ನೋಡಿ "ಸಾಕು" ಎಂದರೆ ಮುಗಿಯಿತು, ಮತ್ತೆ ಕಾಲಿಗೆ ಬಿದ್ದರೂ ತೇಯುತ್ತಿರಲಿಲ್ಲ.

"ಇನ್ನೊಂಚೂರು ತೇಯೋ ಮಾರಾಯ, ನಿನ್ ಗಂಟೇನು ಹೋಗುತ್ತೆ?" ಎಂದು ರಾಡಿಮ್ ಗೋಗರೆದಿದ್ದ. ರಾಡಿಮ್ ಎಂದರೆ ಬೊಹುಶ್‌ನ ಜೀವದ ಗೆಳೆಯ. ಅವನ ತಂಗಿ ಆನೆಝ್ಕಾಳೊಂದಿಗೆ ಬೊಹುಶ್‌ನ ಮದುವೆ ಗೊತ್ತಾಗಿತ್ತು.

"ಸಾಕು ಅಂದ್ನಲ್ಲ. ನಿನಗೇನಾದ್ರೂ ಆದ್ರೆ ನಿನ್ ತಂಗಿ ನನ್ನ ಸುಮ್ನೆ ಬಿಡ್ತಾಳಾ?"

"ಈಗ್ಲೇ ಹೆಂಡ್ತಿಗೆ ಹೆದರ್ತೀಯಲ್ಲೋ, ಹೇತ್ಲಾಂಡಿ!"

ಊರ ಬೀದಿಯಲ್ಲೇ ರೇಸು. ತಿರುವುಗಳಲ್ಲಿ ಹುಲ್ಲಿನ ಪೆಂಡಿ, ಕಿಟಕಿಗಳಲ್ಲಿ ಜನ. ಹೊರಡುವ ಮುಂಚೆ ರಾಡಿಮ್‌ನ ಅಪ್ಪ ಮೆಟೊಡೆಯ್ ಗಾಡಿಯ ಟ್ಯಾಂಕಿನ ಹತ್ತಿರ ಬಗ್ಗಿ ನಿಂತಿದ್ದುದನ್ನು ಬೊಹುಶ್ ಕಂಡಿದ್ದ. "ಏನ್ಮಾವ ಅಲ್ಲಿ?" ಎಂದರೆ, "ಒರೆಸ್ತಿದೀನಿ ಕಣೋ, ಫಳಫಳ ಅನ್ಬೇಡ್ವಾ?" ಎಂದಿದ್ದ ಅವನು. ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದ ರಾಡಿಮ್‌ನ ಎಂಜಿನ್ ಹಿಟ್ಟಿನ ಗಿರಣಿಯ ತಿರುವಿನಲ್ಲಿ ಗಕ್ಕನೆ ಕಚ್ಚಿಕೊಂಡಿತು. ಹಿಂದಿನ ಚಕ್ರ ಸಿಕ್ಕಿಬಿದ್ದು ಗಾಡಿ ಮರಕ್ಕೆ ಬಡಿಯಿತು. ಹುಡುಗ ಅಲ್ಲೇ ಹೋಗಿಬಿಟ್ಟ.

ನಜ್ಜುಗುಜ್ಜಾದ ಗಾಡಿಯನ್ನು ಗ್ಯಾರೇಜಿಗೆ ತಂದು ಬೊಹುಶ್ ಹೆಡ್ ಬಿಚ್ಚಿದ. ಪಿಸ್ಟನ್ನಿನ ನೆತ್ತಿ ನೆಟ್ಟಗಿತ್ತು. ತಾನು ಅತಿಯಾಗಿ ತೇಯ್ದಿರಲಿಲ್ಲ! ಆದರೆ ಪಿಸ್ಟನ್ನಿನ ಪಕ್ಕಗಳು, ಪೆಟ್ರೋಲಿನಲ್ಲಿ ಬೆರೆತು ಬರಬೇಕಾದ ಎಣ್ಣೆಯೇ ಸಿಗದೆ ಗೀಚಿಹೋಗಿದ್ದವು. ಕಾರ್ಬುರೇಟರಿನ ಬಟ್ಟಲು ಬಿಚ್ಚಿದ. ತಳದಲ್ಲಿ ನೀರಿನಂಥದ್ದೇನೋ ನಿಂತಿತ್ತು. ಮೂಗಿನ ಹತ್ತಿರ ಹಿಡಿದ. ಸ್ಲಿವೊವಿತ್ಸೆ, ಪ್ಲಮ್ ಹಣ್ಣಿನ ಸಾರಾಯಿ.

ನಮ್ಮ ಜನಕ್ಕೆ ಅದಿಲ್ಲದೆ ಯಾವುದೂ ನಡೆಯುವುದಿಲ್ಲ. ನೆಗಡಿಯಾದರೆ ಎದೆಗೆ ಸವರುತ್ತಾರೆ, ಹಲ್ಲು ನೋವಿಗೆ ಮುಕ್ಕಳಿಸುತ್ತಾರೆ, ಸತ್ತರೆ ಗುಂಡಿಗೂ ಸುರಿಯುತ್ತಾರೆ. ಮಗನ ಗಾಡಿಗೆ ಬಲ ಬರಲೆಂದು ಮೆಟೊಡೆಯ್ ಟ್ಯಾಂಕಿಗೂ ಹೊಯ್ದಿದ್ದ. ಸಾರಾಯಿಯ ನೀರು ಪೆಟ್ರೋಲಿಗೂ ಎಣ್ಣೆಗೂ ಬೆರೆಯುತ್ತದೆಯೇ? ತಳಕ್ಕೆ ಕೂತು, ಟ್ಯಾಂಕ್ ಬರಿದಾಗುತ್ತ ಬಂದಾಗ ಸೀದಾ ಎಂಜಿನ್ನಿಗೆ ಇಳಿದಿತ್ತು.

ಮಗನನ್ನು ಕಳೆದುಕೊಂಡವನಿಗೆ, ಕೊಂದವನು ನೀನೇ ಎಂದು ಯಾವ ಬಾಯಲ್ಲಿ ಹೇಳುವುದು? ಅಣ್ಣನನ್ನು ಕಳೆದುಕೊಂಡ ಆನೆಝ್ಕಾಳ ಕೈಯಿಂದ ಅಪ್ಪನನ್ನೂ ಕಿತ್ತುಕೊಳ್ಳುವುದೇ? ಬೊಹುಶ್ ಬಟ್ಟಲು, ಟ್ಯಾಂಕು ಎರಡನ್ನೂ ಚೆಲ್ಲಿ ಪೆಟ್ರೋಲಿನಲ್ಲಿ ತೊಳೆದುಬಿಟ್ಟ.

ಮರುದಿನ ಅಧಿಕಾರಿಗಳು ಬಂದು ಹೆಡ್ ಅಳೆದರು. ಇರಬೇಕಾದ್ದಕ್ಕಿಂತ ತೆಳ್ಳಗಿತ್ತು. ತಪ್ಪು ಬೊಹುಶನದೇ ಎನ್ನಲು ಅಷ್ಟೇ ಸಾಕಾಯಿತು. ಆನೆಝ್ಕಾ ಬಾಗಿಲಲ್ಲೇ ಉಂಗುರವನ್ನು ಅವನ ಮುಖಕ್ಕೆಸೆದಳು.

"ಕೊಲೆಗಾರ! ತೇಯ್ದೂ ತೇಯ್ದೂ ನಮ್ಮಣ್ಣನ್ನ ತಿಂದ್ಬಿಟ್ಟೆ!"

ಅವನು ಬಗ್ಗಿ ಉಂಗುರ ಎತ್ತಿಕೊಂಡ. ಅವಳು ಬ್ರ್ನೋ ಪಟ್ಟಣದವನೊಬ್ಬನನ್ನು ಕಟ್ಟಿಕೊಂಡು ಹೋದಳು. ಊರಿನ ಜನ ಎದುರಾದರೆ ಮೂತಿ ತಿರುಗಿಸಿದರು. ಒಂಟಿಯಾಗಿಯೇ ಅವನ ತಲೆ ನೆರೆಯಿತು. ಆದರೂ ಒಂದು ಸಮಾಧಾನವಿತ್ತು: ಮುದುಕನಿಗೆ ಗೊತ್ತಿಲ್ಲ, ನೆಮ್ಮದಿಯಾಗಿ ಸಾಯಲಿ. ಆ ಒಂದು ಸಮಾಧಾನವನ್ನೇ ಅಪ್ಪಿಕೊಂಡು ಅಷ್ಟು ವರ್ಷ ಬಾಳಿದ್ದ, ಪಾಪ.

ಕಳೆದ ಶರತ್ಕಾಲದಲ್ಲಿ ಹೊಸ ಸಾರಾಯಿ ಇಳಿಸಿದ ದಿನ ಹೆಂಡದಂಗಡಿ ತುಂಬಿತ್ತು. ಮೂಲೆಯಲ್ಲಿ ಬೊಹುಶ್, ಪಕ್ಕದ ಮೇಜಿನಲ್ಲಿ ತೊಂಬತ್ತು ಸಮೀಪಿಸಿದ್ದ ಮೆಟೊಡೆಯ್. ಅಂಚೆಯವನು ನಗೆಯಾಡಿದ: "ಏನ್ ಖಾರ ಐತ್ರೀ! ನನ್ ಮೊಪೆಡ್ಡಿಗೇ ಒಂದ್ ಗ್ಲಾಸ್ ಹಾಕ್ಬಿಡ್ತೀನಿ, ಗುಡ್ಡ ಹತ್ತುತ್ತೆ!"

"ಅಯ್ಯೋ ಬೇಡ್ವೋ!" ಮುದುಕ ಗಾಬರಿಯಿಂದ ಅವನ ತೋಳು ಹಿಡಿದ. "ತಳಕ್ಕೆ ಕೂತ್ಕೊಳ್ಳುತ್ತೆ ಕಣೋ. ಎಂಜಿನ್ ಕಚ್ಕೊಳ್ಳುತ್ತೆ."

ಬೊಹುಶ್ ಎದ್ದು ಬಂದು ಮುದುಕನ ಮುಂದೆ ನಿಂತ.

"ಯಾವಾಗಿಂದ ಗೊತ್ತು, ಮಾವ?"

ಮೆಟೊಡೆಯ್ ತಲೆಯೆತ್ತಲಿಲ್ಲ. "ಅವತ್ತೇ. ಮರದ ಹತ್ರ ಟ್ಯಾಂಕಿಂದ ಸೋರ್ತಿತ್ತಲ್ಲ, ವಾಸನೆ ಬಂತು. ನೀನು ಸುಮ್ನಿದ್ದೆ. ನಾನೂ ಸುಮ್ನಾದೆ."

"ಆನೆಝ್ಕಾಗೆ?"

"ಗೊತ್ತಿಲ್ದೆ ಏನು? ಬಾಟ್ಲಿ ತಂದ್ಕೊಟ್ಟಿದ್ದೇ ಅವಳು ಕಣೋ."

ಬೊಹುಶ್ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಒಂದು ಎಣ್ಣೆಬಟ್ಟೆಯ ಗಂಟು ಹಿಡಿದು ಬಂದ. ಬಿಚ್ಚಿದರೆ ರಾಡಿಮ್‌ನ ಜಾವಾದ ಹೆಡ್, ಅದರೊಳಗೊಂದು ಚಪ್ಪಟೆ ಸೀಸದ ಚೂರು. ಇಷ್ಟು ವರ್ಷವೂ ಒಂದು ಚುಕ್ಕೆ ಕಲೆ ಹಿಡಿಯದ ಹಾಗೆ ಕಾಪಾಡಿಕೊಂಡು ಬಂದಿದ್ದ. ಅದನ್ನು ಮುದುಕನ ಗ್ಲಾಸಿನ ಪಕ್ಕದಲ್ಲಿಟ್ಟ.

"ತಗೊಳ್ಳಿ. ಇದು ನಿಮ್ಮನೇದು, ನಾನು ಇಟ್ಕೊಂಡಿದ್ದು ಸಾಕು."