ಇನ್ನೊಬ್ಬರ ಅರ್ಧವನ್ನು ಕಾದವರು

ಕಡಲ ತಳದ ಕೆಸರನ್ನು ಓದುವ ವಿದ್ಯೆಯಲ್ಲಿ ಹೆಸರು ಮಾಡಿದವರು ಅನೇಕರಿದ್ದಾರೆ. ಆ ಕೆಸರನ್ನು ಕಾಪಾಡುವ ವಿದ್ಯೆಯಲ್ಲಿ ನಾಲ್ಕಾರು ದೇಶಗಳ ವಿಜ್ಞಾನಿಗಳು ತಕರಾರಿಲ್ಲದೆ ಹಿರಿಯರೆಂದು ಒಪ್ಪುವವರು, ನಮ್ಮ ಸಂಸ್ಥೆಯ ಮಾದರಿ ಸಂಗ್ರಹದ ಮುಖ್ಯಸ್ಥೆಯಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಗುರುಗಳು. ಕಡತಗಳಲ್ಲಿ ಅವರಿಗೆ ಎರಡು ಸಾಲಿನ ಪದನಾಮವಿದೆ. ಕಾರಿಡಾರಿನಲ್ಲಿ ಅವರು ಕೆಸರಕ್ಕ. ಈ ಹೆಸರಿಟ್ಟವರು ಯಾರೆಂದು ಯಾರಿಗೂ ತಿಳಿಯದು. ಎದುರಿಗೇ ಕರೆದರೂ ಅವರು ಓಗೊಡುತ್ತಾರೆ. ಈ ಅಭಿನಂದನ ಗ್ರಂಥದಲ್ಲಿಯೂ ಅದನ್ನೇ ಬಳಸಬಹುದೇ ಎಂದು ಅಪ್ಪಣೆ ಕೇಳಿದಾಗ, "ಬಳಸ್ರೀ, ಇನ್ನೇನು ಮುತ್ತಕ್ಕ ಅಂತ ಬರೀತೀರಾ?" ಎಂದರು.

ಅವರ ಕೆಲಸವೇನೆಂಬುದನ್ನು ಹೊರಗಿನ ಓದುಗರಿಗಾಗಿ ಇಲ್ಲಿ ಹೇಳಬೇಕು. ಐದು ಕಿಲೋಮೀಟರು ಆಳದ ಕಡಲ ತಳದಲ್ಲಿ ಒಂದು ಬೆರಳಗಲದಷ್ಟು ಕೆಸರು ಕೂಡಲು ಸಾವಿರ ವರ್ಷವಾದರೂ ಬೇಕು. ಹಡಗಿನಿಂದ ಉದ್ದನೆಯ ಕೊಳವೆಯನ್ನು ಇಳಿಬಿಟ್ಟು, ತಳಕ್ಕೆ ಚುಚ್ಚಿ, ಆ ಕೆಸರನ್ನು ಪದರ ಕದಡದಂತೆ ಮೇಲೆತ್ತುತ್ತಾರೆ. ಒಂದೇ ದೇಶಕ್ಕೆ ಇದು ಭರಿಸಲಾಗದ ಕೆಲಸವಾದ್ದರಿಂದ ಒಬ್ಬರ ಹಡಗು, ಇನ್ನೊಬ್ಬರ ಯಂತ್ರ, ಮತ್ತೊಬ್ಬರ ಜಾಣತನ ಕೂಡಬೇಕಾಗುತ್ತದೆ. ದಡಕ್ಕೆ ಬಂದ ಕೊಳವೆಯನ್ನು ಉದ್ದುದ್ದಕ್ಕೆ ಸೀಳಿ, ತಂತಿಯಿಂದ ಕೆಸರನ್ನು ಎರಡಾಗಿ ಕೊಯ್ದು, ಒಂದೊಂದು ದೇಶಕ್ಕೆ ಒಂದೊಂದು ಅರ್ಧ ಕೊಡುವುದು ರೂಢಿ. ಕೆಸರು ಒಣಗಬಾರದು, ಹೆಪ್ಪುಗಟ್ಟಲೂ ಬಾರದು. ಹೀಗಾಗಿ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ತಂಪು ಕೋಣೆಯಿದೆ. ಅದರ ಬಾಗಿಲ ಹಿಂದಿನ ಮೊಳೆಯಲ್ಲಿ ಮೊಣಕೈ ಸವೆದ ಕಂದು ಬಣ್ಣದ ಸ್ವೆಟರೊಂದು ತೂಗುತ್ತಿರುತ್ತದೆ. ಕಡುಬೇಸಿಗೆಯಲ್ಲಿಯೂ ಸ್ವೆಟರು ತೊಟ್ಟು ಓಡಾಡುವ ಏಕೈಕ ಅಧಿಕಾರಿಯೆಂದು ಕೆಸರಕ್ಕನವರು ಊರಿನ ಬಸ್ ಕಂಡಕ್ಟರುಗಳಿಗೂ ಪರಿಚಿತರು.

ಸಂಸ್ಥೆಗೆ ಸೇರಿದ ಮರುವರ್ಷವೇ ಅವರು ನೆರೆಯ ದೇಶದೊಂದಿಗಿನ ಮೊದಲ ಜಂಟಿ ಯಾನಕ್ಕೆ ಹೊರಟರು. ಹಡಗು ನಮ್ಮದು, ಕೊಳವೆ ಇಳಿಸುವ ಯಂತ್ರ ಅವರದು. ಆ ದೇಶದ ತಂಡದ ನಾಯಕರು ಆರಡಿ ಮೀರಿದ ಭೂವಿಜ್ಞಾನಿ. ಹಡಗಿನ ಪ್ರತಿಯೊಂದು ಬಾಗಿಲಿಗೂ ಹಣೆ ಚಚ್ಚಿಸಿಕೊಳ್ಳುತ್ತಿದ್ದ ಅವರನ್ನು ನಮ್ಮ ನಾವಿಕರು ಉದ್ದಣ್ಣ ಎನ್ನುತ್ತಿದ್ದರು. ಆ ಯಾನದಲ್ಲಿ ಎರಡು ಒಳ್ಳೆಯ ಕೊಳವೆಗಳು ದೊರೆತವು. ಒಂದನ್ನು, ತಮ್ಮಲ್ಲಷ್ಟೇ ಇದ್ದ ಯಂತ್ರದಲ್ಲಿ ಪರೀಕ್ಷಿಸಲೆಂದು, ಅವರು ಇಡಿಯಾಗಿ ಕೊಂಡೊಯ್ದರು. ನಮ್ಮ ಅರ್ಧವನ್ನು ಆಮೇಲೆ ಕಳಿಸುವ ಮಾತಾಗಿತ್ತು. ಇನ್ನೊಂದನ್ನು ನಮ್ಮಲ್ಲಿಯೇ ಸೀಳಲಾಯಿತು. ಅವರ ಅರ್ಧವನ್ನು ಒಯ್ಯಲು ಹಡಗು ಬರುವವರೆಗೆ ಅದು ನಮ್ಮ ತಂಪು ಕೋಣೆಯಲ್ಲಿರಬೇಕಿತ್ತು.

ಸೀಳುವಾಗ ಒಂದು ಎಡವಟ್ಟಾಯಿತು. ಕೆಸರಿನೊಳಗೆ ಅಡಗಿದ್ದ ಕಲ್ಲೊಂದು ತಂತಿಗೆ ಸಿಕ್ಕಿ, ನಮ್ಮ ಅರ್ಧವನ್ನು ಗೇಣುದ್ದ ಉತ್ತುಹಾಕಿತು. ಅವರ ಅರ್ಧಕ್ಕೆ ಏನೂ ಆಗಲಿಲ್ಲ. ಕೆಸರಕ್ಕನವರು ಬಗ್ಗಿ ನೋಡಿದಾಗ ಆ ಅರ್ಧದಲ್ಲಿ, ಸರಿಯಾಗಿ ನಮ್ಮದರಲ್ಲಿ ಕೆಟ್ಟುಹೋದ ಗೇಣಿನ ನಡುವೆ, ನಸುಬೂದು ಬಣ್ಣದ ತೆಳುವಾದ ಪಟ್ಟಿಯೊಂದು ಕಂಡಿತು. ಅದರ ಕೆಳಗಿನ ಕೆಸರು ಒಂದು ಬಗೆ, ಮೇಲಿನದು ಇನ್ನೊಂದು ಬಗೆ. ಆಳದ ನೀರಿನ ಹರಿವು ದಿಕ್ಕು ಬದಲಿಸಿದ ಕಾಲವನ್ನು ಹುಡುಕುತ್ತಿದ್ದ ಅವರಿಗೆ, ತಮ್ಮ ಸಂಶೋಧನೆಯ ಉತ್ತರವಿರುವುದು ಆ ಪಟ್ಟಿಯಲ್ಲೇ ಎಂದು ಅಲ್ಲಿಯೇ ತಿಳಿಯಿತು. ಉದ್ದಣ್ಣನವರು ತಮ್ಮ ಅರ್ಧವನ್ನು ಮುಚ್ಚಿ, ನೀಲಿ ಪಟ್ಟಿ ಸುತ್ತಿ, ಅದರ ಮೇಲೆ ಸಹಿ ಹಾಕಿ, ನಮ್ಮ ಭಾಷೆಯ ತಮ್ಮ ಹತ್ತಿಪ್ಪತ್ತು ಪದಗಳಲ್ಲಿ ಎರಡನ್ನು ಖರ್ಚು ಮಾಡಿ, "ನೋಡ್ಕೊಳ್ತೀರಲ್ಲ, ತಂಗಿ?" ಎಂದರು. ಇವರು "ಹೂಂ" ಎಂದರು.

ಹಡಗು ಬರಲೇ ಇಲ್ಲ. ಎರಡು ಸರ್ಕಾರಗಳ ನಡುವೆ ಮಾತು ಕೆಟ್ಟಿತು, ಒಪ್ಪಂದದ ಅವಧಿ ಮುಗಿಯಿತು, ಪತ್ರಗಳಿಗೆ ಉತ್ತರ ನಿಂತಿತು. ಕೆಸರಕ್ಕನವರು ತಮ್ಮ ಮಹಾಪ್ರಬಂಧವನ್ನು ಬರೆಯುವ ಹೊತ್ತಿಗೆ ನೀಲಿ ಪಟ್ಟಿಯ ಕೊಳವೆ ಅವರ ಮೇಜಿನಿಂದ ಒಂದು ಮಹಡಿ ಕೆಳಗಿತ್ತು. ಅಂದಿನ ನಿರ್ದೇಶಕರು ಕೆಟ್ಟವರಲ್ಲ. ಸಂಸ್ಥೆಗೆ ಹೆಸರು ಬರಲೆಂಬ ಆಸೆ ಅವರದು. ಬೇರೊಂದು ದೇಶದವರು ಇದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆಂದು ತಿಳಿದಾಗ ಅವರು ಇವರನ್ನು ಕರೆಸಿದರು.

"ಒಪ್ಪಂದಾನೇ ಇಲ್ಲ ಅಂದ್ಮೇಲೆ ಅದು ನಮ್ಮ ಕೋಣೆಯಲ್ಲಿರೋ ನಮ್ಮ ಕೆಸರು. ವಕೀಲರನ್ನೂ ಕೇಳಿದ್ದಾಯ್ತು. ತೆಗೆದು ನೋಡಿ ಬರೀರಿ ಮೇಡಂ. ನಿಮಗೇ ಒಳ್ಳೇದು."

"ಒಪ್ಪಂದ ಮುಗೀತು ಸಾರ್. ನಾನು ನೋಡ್ಕೊಳ್ತೀನಿ ಅಂದಿದ್ದು ಮುಗಿದಿಲ್ವಲ್ಲ."

"ಅವರು ನಮ್ಮ ಅರ್ಧ ವಾಪಸ್ ಕಳಿಸಿದ್ರಾ?"

"ಇಲ್ಲ."

"ಮತ್ತೆ?"

"ಇವತ್ತು ಇದನ್ನ ಕೊಯ್ದ್ರೆ ನಾಳೆ ಯಾವ ದೇಶದವರೂ ನಮ್ಮ ಹತ್ರ ಒಂದು ಚಮಚ ಕೆಸರೂ ಬಿಟ್ಟು ಹೋಗಲ್ಲ ಸಾರ್. ಆಮೇಲೆ ನಾವು ಯಾರ ಜೊತೆ ಕಡಲಿಗೆ ಹೋಗೋದು?"

ನಿರ್ದೇಶಕರು ಮುಖ ಗಂಟು ಹಾಕಿಕೊಂಡರು. ಬೀಗದ ಕೈ ಕಸಿದುಕೊಂಡು ತಾವೇ ತೆಗೆಸಬಹುದಿತ್ತು. ಹಾಗೆ ಮಾಡದೆ ಇದ್ದದ್ದು ಅವರ ದೊಡ್ಡತನ. ಆದರೆ ಬಡ್ತಿಯ ಪಟ್ಟಿಯಲ್ಲಿ ಕೆಸರಕ್ಕನವರ ಹೆಸರು ಆ ವರ್ಷ ಬರಲಿಲ್ಲ, ಅದರ ಮುಂದೆಯೂ ಬಹಳ ಕಾಲ ಬರಲಿಲ್ಲ. ಮಹಾಪ್ರಬಂಧದಲ್ಲಿ ಆ ಗೇಣಿನ ಜಾಗವನ್ನು ಅವರು ಖಾಲಿ ಬಿಟ್ಟು, 'ಈ ಭಾಗವನ್ನು ನಾನು ಪರೀಕ್ಷಿಸಿಲ್ಲ' ಎಂದು ಬರೆದರು. ಆ ನಸುಬೂದು ಪಟ್ಟಿ ಜ್ವಾಲಾಮುಖಿಯ ಬೂದಿಯೇ ಇರಬೇಕೆಂದು ಅವರಿಗೆ ಒಳಗೊಳಗೇ ಖಾತ್ರಿಯಿತ್ತು, ಬರೆಯಲಿಲ್ಲ. ಜೊತೆಗೆ ಸೇರಿದವರು ಮೇಲಿನ ಮಹಡಿಗಳಿಗೆ ಹೋದರು. ಇವರು ನೆಲಮಾಳಿಗೆಯಲ್ಲಿ ಉಳಿದರು. ಬೇಸರವಾಗಲಿಲ್ಲವೆಂದು ಅವರು ಎಂದೂ ಹೇಳಿಲ್ಲ. ಕೇಳಿದರೆ, ಆಗಿತ್ತು ಎನ್ನುತ್ತಾರೆ.

ಒಂದು ಬೇಸಿಗೆಯಲ್ಲಿ ತಂಪು ಯಂತ್ರ ಕೆಟ್ಟು, ಬಿಡಿಭಾಗ ಬರಲು ವಾರಗಳೇ ಬೇಕೆಂದಾಯಿತು. ಕೆಸರಕ್ಕನವರು ಊರಾಚೆಯ ಆಲೂಗಡ್ಡೆ ವ್ಯಾಪಾರಿಯ ಶೀತಲಗೃಹಕ್ಕೆ ಹೋಗಿ, ಕಾಡಿ ಬೇಡಿ, ಒಂದು ಮೂಲೆ ಪಡೆದು, ಕೊಳವೆಗಳನ್ನು ಲಾರಿಯಲ್ಲಿ ತಾವೇ ಕುಳಿತು ಸಾಗಿಸಿದರು. ವ್ಯಾಪಾರಿ ಒಂದರ ಮುಚ್ಚಳದ ಸಂದಿಯಲ್ಲಿ ಇಣುಕಿ, "ಏನಕ್ಕಾ ಇದು, ಆಲೂಗಡ್ಡೆ ಬಿಟ್ಟು ಬರೀ ಮಣ್ಣು ತಂದಿದೀರಲ್ಲ!" ಎಂದನಂತೆ. ಅಷ್ಟೂ ವಾರ ಇವರು ಬೆಳಗ್ಗೆ ಸಂಜೆ ಅಲ್ಲಿಗೆ ಹೋಗಿ ಉಷ್ಣಮಾಪಕ ನೋಡಿ ಬರುತ್ತಿದ್ದರು. ಮನೆಯಲ್ಲಿ ಅವರ ಅತ್ತೆಯವರು ಬಂದವರಿಗೆಲ್ಲ ಹೇಳುತ್ತಿದ್ದ ಮಾತು ನಮ್ಮ ಸಂಸ್ಥೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ: "ಕೆಸರಿಗೆ ಸೆಕೆ ಆಗತ್ತೆ ಅಂತ ಲಾರಿ ಹತ್ತಿ ಓಡ್ತಾಳೆ ನಮ್ಮ ಸೊಸೆ. ಅತ್ತೆಗೆ ಸೆಕೆ ಅಂದ್ರೆ ಕಿಟಕಿ ತೆಗೀರಿ ಅಂತಾಳೆ." ಹೀಗೆಂದ ಅತ್ತೆಯವರೇ ಆ ಬೇಸಿಗೆಯಿಡೀ ಮೊಮ್ಮಕ್ಕಳನ್ನು ನೋಡಿಕೊಂಡರು ಎಂಬುದನ್ನೂ ಇಲ್ಲಿ ಸೇರಿಸುವುದು ನ್ಯಾಯ.

ನಾನು ವಿದ್ಯಾರ್ಥಿನಿಯಾಗಿ ಸೇರಿದ್ದು ಆಮೇಲೆ. ಮೊದಲ ವಾರವೇ ಅವರು ತಂಪು ಕೋಣೆಯಲ್ಲಿ ನೀಲಿ ಪಟ್ಟಿಯ ಕೊಳವೆಯಿದ್ದ ಮೂರನೆಯ ಅಟ್ಟಣಿಗೆಯನ್ನು ತೋರಿಸಿ, "ಇದೊಂದು ಬಿಟ್ಟು ಏನು ಬೇಕಾದ್ರೂ ಮುಟ್ಟು" ಎಂದಿದ್ದರು. ಯಾನದಿಂದ ಹಿಂದಿರುಗಿದ ನನಗೆ ಜ್ವರ ಬಂದಾಗ ತಮ್ಮ ಮನೆಯಲ್ಲಿಟ್ಟುಕೊಂಡು ಗಂಜಿ ಕುಡಿಸಿದರು. ನನ್ನ ಮೊದಲ ಲೇಖನವನ್ನು ನಾಲ್ಕು ಸಲ ತಿದ್ದಿ, ತಮ್ಮ ಹೆಸರನ್ನು ಪ್ರತಿಸಲವೂ ಹೊಡೆದುಹಾಕಿದರು. ಹೀಗೆ ಉಪಕೃತರಾದವರ ಸಾಲು ದೊಡ್ಡದು, ಅವರು ತಂತಮ್ಮ ಲೇಖನಗಳಲ್ಲಿ ಬರೆಯಲಿ.

ಆ ಮೊದಲ ಯಾನವಾಗಿ ಹದಿನೈದಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಎರಡು ದೇಶಗಳ ನಡುವೆ ಮಾತು ಮತ್ತೆ ಕುದುರಿತು. ನೆರೆಯ ದೇಶದ ನಿಯೋಗವೊಂದು ಬಂತು. ಉದ್ದಣ್ಣನವರು ತೀರಿಹೋಗಿದ್ದರು, ಅವರ ಶಿಷ್ಯೆ, ನಮ್ಮ ಭಾಷೆ ಕಲಿತಿದ್ದ ವಿಜ್ಞಾನಿ, ನಿಯೋಗದ ಮುಂದಾಳಾಗಿದ್ದರು. ಸಭಾಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಲೋಟಗಳು, ಎರಡೂ ಕಡೆ ಬಿಗಿದ ಮುಖಗಳು. ಮೊದಲು ಮಾತಾಡಿದವರು ಆ ಶಿಷ್ಯೆಯೇ. ನಮ್ಮಿಂದ ಒಯ್ದ ಕೊಳವೆಯಲ್ಲಿ ನಮ್ಮ ಅರ್ಧ ಉಳಿದಿಲ್ಲ, ಮಾತು ಕೆಟ್ಟ ಎರಡನೆಯ ವರ್ಷ ಮೇಲಿನವರ ಆದೇಶದ ಮೇಲೆ ಅದನ್ನು ಕೊಯ್ದು ಬಳಸಿಬಿಟ್ಟರು, ತಮ್ಮ ಗುರುಗಳು ತಡೆಯಲಾರದೆ ಹೋದರು ಎಂದರು. "ನಿಮ್ಮ ಹತ್ರ ಇರೋ ನಮ್ಮದನ್ನೂ ನೀವು ಕೊಯ್ದಿರ್ತೀರಿ. ಅದು ಸಹಜ. ಲೆಕ್ಕ ಸರಿಹೋಯ್ತು ಅಂತ ಬರೆದು ಸಹಿ ಹಾಕೋಕೆ ಬಂದಿದೀವಿ."

ಕೋಣೆಯಲ್ಲಿದ್ದ ನಮ್ಮವರೆಲ್ಲ ಕೆಸರಕ್ಕನವರತ್ತ ತಿರುಗಿದರು. ಕೆಲವರ ನೋಟದಲ್ಲಿ ಕನಿಕರವಿತ್ತು, ಕೆಲವರದರಲ್ಲಿ 'ಆಗಲೇ ಹೇಳಿರಲಿಲ್ಲವೇ' ಎಂಬುದೂ ಇತ್ತು. ಅವರ ಕೆನ್ನೆ ಕೆಂಪಾದದ್ದನ್ನು ಪಕ್ಕದಲ್ಲಿದ್ದ ನಾನು ಕಂಡೆ. ಆಮೇಲೆ ಎದ್ದರು.

"ಕೆಳಗೆ ಬನ್ನಿ. ಚಳಿಯಿರತ್ತೆ, ಏನಾದ್ರೂ ಹೊದ್ಕೊಂಡು ಬನ್ನಿ."

ಮೂರನೆಯ ಅಟ್ಟಣಿಗೆಯಿಂದ ಕೊಳವೆಯನ್ನು ನಾವಿಬ್ಬರೂ ಇಳಿಸಿದೆವು. ನೀಲಿ ಪಟ್ಟಿ ಮಾಸಿತ್ತು, ಸಹಿ ಹಾಗೇ ಇತ್ತು. ಶಿಷ್ಯೆ ತಮ್ಮ ಗುರುಗಳ ಅಕ್ಷರವನ್ನು ಬೆರಳಿನಿಂದ ಮುಟ್ಟಿ ನೋಡಿದರು, ಅತ್ತರು, ಚಳಿಗೆ ಮೂಗು ಸೋರಿತೆಂದು ಸಬೂಬು ಹೇಳಿದರು. ಕೆಸರಕ್ಕನವರು ತಮ್ಮ ಸ್ವೆಟರು ಬಿಚ್ಚಿ ಅವರಿಗೆ ಕೊಟ್ಟರು.

"ಕೊಯ್ದಿದ್ದು ಕೊಯ್ದಾಯ್ತು, ಬಿಡಮ್ಮ. ನಮ್ಮ ಅರ್ಧದಲ್ಲಿ ಏನು ಸಿಕ್ತು ಅದನ್ನಾದ್ರೂ ಹೇಳು. ಇದನ್ನ ಇಬ್ರೂ ಕೂತು ನೋಡೋಣ."

ಇಬ್ಬರೂ ಕೂತು ನೋಡಿದರು. ನಸುಬೂದು ಪಟ್ಟಿ ಬೂದಿಯಾಗಿರಲಿಲ್ಲ. ದೂರದ ಕಡಲಿಳಿಜಾರೊಂದು ಕುಸಿದಾಗ ಹರಿದುಬಂದ ನುಣುಪು ಹೂಳಾಗಿತ್ತು. ನೀರು ದಿಕ್ಕು ಬದಲಿಸಿದ ಕಾಲ ಅದರ ಮೇಲಿನ ಪದರದಲ್ಲಿ ಸ್ಪಷ್ಟವಾಗಿ ಓದಲು ಸಿಕ್ಕಿತು. ಕೆಸರಕ್ಕನವರು ಹೊಟ್ಟೆ ತುಂಬ ನಕ್ಕು, "ಸದ್ಯ, ಬೂದಿ ಅಂತ ಬರೀಲಿಲ್ಲ" ಎಂದರು. ಆ ಫಲಿತಾಂಶ ಎರಡು ದೇಶಗಳ ಹೆಸರಿನಲ್ಲಿ, ಉದ್ದಣ್ಣನವರ ಹೆಸರನ್ನು ಮೊದಲಿಗಿಟ್ಟು, ಪ್ರಕಟವಾಯಿತು.

ಹೊರಡುವ ದಿನ ನಿಯೋಗದವರಿಗೆ ಕೊಳವೆಯನ್ನು ಕಟ್ಟಿಕೊಡಲು ಪೆಟ್ಟಿಗೆ ಸಿದ್ಧವಾಗಿತ್ತು. ಶಿಷ್ಯೆ ಬೇಡವೆಂದರು. "ಅಲ್ಲಿಗೆ ಒಯ್ದ್ರೆ ಮತ್ತೆ ಯಾರಾದ್ರೂ ಆದೇಶ ಹೊರಡಿಸ್ತಾರೆ. ನಮ್ಮ ಅರ್ಧ ಇಲ್ಲೇ ಇರ್ಲಿ ಅಮ್ಮಾ, ನಿಮ್ಮ ಹತ್ರಾನೇ" ಎಂದರು. ಈ ಸುದ್ದಿ ಒಂದು ದೇಶದಿಂದ ಇನ್ನೊಂದಕ್ಕೆ ಹಬ್ಬಿತು. ಇಂದು ನಮ್ಮ ತಂಪು ಕೋಣೆಯ ಕೊಳವೆಗಳಲ್ಲಿ ಮುಕ್ಕಾಲು ಪಾಲು ನಮ್ಮವಲ್ಲ; ಪರಸ್ಪರ ಮುಖ ನೋಡದ ದೇಶಗಳ ಕೆಸರು ಒಂದೇ ಅಟ್ಟಣಿಗೆಯಲ್ಲಿ ಅಕ್ಕಪಕ್ಕ ಮಲಗಿದೆ. ಬಡ್ತಿಯೂ ಬಂತು, ಕೋಣೆ ಮೇಲಿನ ಮಹಡಿಯಲ್ಲಿ ಸಿಕ್ಕಿತು. ಕೆಸರಕ್ಕನವರು ಅಲ್ಲಿ ಕುಳಿತದ್ದನ್ನು ಕಂಡವರು ಕಡಿಮೆ.

ಈಗ ಅವರು ವಿಶ್ರಾಂತರಾಗುತ್ತಿದ್ದಾರೆ. ಅವರ ಅತ್ತೆಯವರು, ತೊಂಬತ್ತು ದಾಟಿದವರು, "ಇನ್ನಾದ್ರೂ ನನಗೆ ಸೆಕೆ ಆಗತ್ತಾ ಅಂತ ಕೇಳ್ತಾಳೇನೋ ನೋಡೋಣ" ಎಂದು ಕಾದಿದ್ದಾರೆ. ಅವರ ಆಸೆ ಈಡೇರಲಿ. ನಮ್ಮ ಗುರುಗಳು ಆರೋಗ್ಯದಿಂದ ನೂರ್ಕಾಲ ಬಾಳಲಿ, ಖಾಲಿ ಬಿಟ್ಟ ಜಾಗಗಳ ಕುರಿತು ಅವರು ಬರೆಯುತ್ತಿರುವ ಪುಸ್ತಕ ಬೇಗ ಮುಗಿಯಲಿ, ಅವರ ಉಷ್ಣಮಾಪಕದ ವಿಚಾರಣೆಯ ಫೋನು ನಮಗೆ ದಿನವೂ ಬರುತ್ತಿರಲಿ. ನಿವೃತ್ತಿಯ ಸುದ್ದಿ ತಿಳಿದು ನೆರೆಯ ದೇಶದಿಂದ, ಇನ್ನೂ ಹಲವು ದೇಶಗಳಿಂದ, ವಿಚಾರಣೆ ಬಂತು. ಅವರು ಹೊಸ ಒಪ್ಪಂದ ಕೇಳಿರಲಿಲ್ಲ. ಇನ್ನು ಮುಂದೆ ನೋಡಿಕೊಳ್ಳುವವರು ಯಾರು ಎಂದಷ್ಟೇ ಕೇಳಿದ್ದರು. ಕೆಸರಕ್ಕನವರು ನನ್ನನ್ನು ತಂಪು ಕೋಣೆಗೆ ಕರೆದೊಯ್ದು, ಮೊಳೆಯಿಂದ ಕಂದು ಸ್ವೆಟರನ್ನು ತೆಗೆದು ನನ್ನ ಕೈಗಿತ್ತು, "ನೋಡ್ಕೊಳ್ತೀಯಲ್ಲ?" ಎಂದರು.

ನಾನು "ಹೂಂ" ಎಂದೆ.